ಅತ್ತೆಯ ಕಾಲ್ಗುಣ ಮತ್ತು ಮಾಮಾನ ತರ್ಕ

ಬಸವಕಲ್ಯಾಣದಲ್ಲಿರುವ ನನ್ನ ಸೋದರಮಾವನನ್ನು ನೀವು ಏನು ಬೇಕಾದರೂ ಕೇಳಬಹುದು. ಬಿತ್ತನೆಗೆ ಎತ್ತು ಕೇಳಬಹುದು, ಮದುವೆಗೆ ಜಮಖಾನೆ ಕೇಳಬಹುದು, ಊಟದ ಹೊತ್ತಿಗೆ ಸರಿಯಾಗಿ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ಕೇಳಬಹುದು. ಇಲ್ಲ ಅನ್ನುವ ಮನುಷ್ಯನೇ ಅಲ್ಲ. ಆದರೆ ಕೈಮುಗಿದು ಹೇಳುತ್ತೇನೆ, "ಯಾಕೆ?" ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ಹೋಗುತ್ತದೆ, ಅದರ ಹಿಂದಿನ ಬಸ್ಸೂ ಹೋಗುತ್ತದೆ, ಮಾಮಾ ಇನ್ನೂ ಪೀಠಿಕೆಯಲ್ಲೇ ಇರುತ್ತಾರೆ!

ನನ್ನ ಮದುವೆಯ ನಿಶ್ಚಯ ಹುಮನಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ನಡೆದಾಗ ಮಾಮಾ ಬಂದದ್ದು ಎಲ್ಲ ಮುಗಿದು ಜಮಖಾನೆ ಮಡಚುವ ಹೊತ್ತಿಗೆ. ನಮ್ಮ ಅವ್ವ, ಅಂದರೆ ಮಾಮಾನ ಖಾಸಾ ಅಕ್ಕ, ಸಿಟ್ಟಿನ ಭರದಲ್ಲಿ ಕೇಳಬಾರದ್ದನ್ನು ಕೇಳಿಬಿಟ್ಟಳು.

"ಯಾಕೋ ತಮ್ಮಾ, ಇಷ್ಟ್ಯಾಕ ಲೇಟಾತು?"

ಮಾಮಾ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗೋಡೆಗೆ ಒರಗಿ ಕುಳಿತು ಶುರು ಮಾಡಿದರು.

"ಬಸ್ ತಪ್ಪಿತು ಅಂತ ಹೇಳಬಹುದು ಅಕ್ಕಾ. ಆದ್ರ ಅದು ಕಾರಣ ಹ್ಯಾಂಗಾಗ್ತದ? ಆ ಬಸ್ಸೂ ರಾಜೇಶ್ವರ ಊರಿನ ಬಾಜು ಲಾರಿ ಅಡ್ಡ ಬಿದ್ದು ಅಲ್ಲೇ ನಿಂತಿತ್ತು. ಅದು ಸಿಕ್ಕಿದ್ರೂ ನಾ ಲೇಟೇ. ಹಂಗಾರ ಲಾರಿ ಕಾರಣ ಅನ್ನೋಣಂದ್ರ, ಲಾರಿ ಬೀಳದಿದ್ರೂ ನನ್ನ ಬಸ್ ತಪ್ಪಿತ್ತು, ಆಗ್ಲೂ ಲೇಟೇ. ಒಂದು ತೆಗೆದ್ರ ಇನ್ನೊಂದು ನಿಲ್ತದ. ಈಗ ತಪ್ಪು ಯಾವುದರ ಮ್ಯಾಲ ಹಾಕ್ತಿ, ಹೇಳು?"

"ನಿನ್ನ ಮ್ಯಾಲ ಹಾಕ್ತೀನಿ. ಏಳು, ಉಣ್ಣು" ಅಂದಳು ಅವ್ವ.

ಈ ರೋಗ ಹತ್ತಿದ್ದು ಕಾಲೇಜಿನಲ್ಲಿ. ಬೇರೆ ಯಾವ ವಿಷಯಕ್ಕೂ ಸೀಟು ಸಿಗದೆ ಮಾಮಾ ತತ್ತ್ವಶಾಸ್ತ್ರ ತೆಗೆದುಕೊಂಡರು. ಅಲ್ಲಿ ಯಾವನೋ ಬಿಳಿಯ ಪಂಡಿತ, ಜಗತ್ತಿನಲ್ಲಿ ಒಂದಾದ ಮೇಲೆ ಇನ್ನೊಂದು ಆಗುವುದು ಮಾತ್ರ ನಮಗೆ ಕಾಣುತ್ತದೆ, "ಇದರಿಂದ ಅದು" ಎಂಬುದು ಕಾಣುವುದೇ ಇಲ್ಲ ಎಂದು ಬರೆದಿಟ್ಟಿದ್ದಾನಂತೆ. ಡಿಗ್ರಿ ಮುಗಿಸಿ ಬಸವಕಲ್ಯಾಣದ ಹತ್ತಿರದ ಮುಡಬಿಯ ತಮ್ಮ ಹೊಲಕ್ಕೆ ಮರಳಿದ ಮಾಮಾ, ತೊಗರಿ ಬಿತ್ತುತ್ತ, ಎಮ್ಮೆ ಮೇಯಿಸುತ್ತ ಆ ಮಾತನ್ನೇ ಮೆಲುಕು ಹಾಕಿದರು. ನಾನು ಚಿಕ್ಕವನಿದ್ದಾಗ ನನ್ನ ಗೋಲಿಗಳನ್ನು ಕಸಿದುಕೊಂಡು ಪಾಠ ಹೇಳುತ್ತಿದ್ದರು. "ನೋಡು ಅಳ್ಯಾ, ಈ ಗೋಲಿ ಬಂತು. ಆ ಗೋಲಿಗಿ ಬಡೀತು. ಅದು ಹೋತು. ನಡುವ 'ಆದ್ದರಿಂದ' ಅನ್ನೋದು ಎಲ್ಲಿ ಕಂಡಿ?" ನನಗೆ ಕಂಡದ್ದು ಇಷ್ಟೇ: ಪಾಠವಾದ ಮೇಲೆ ಗೋಲಿಗಳು ಮಾಮಾನ ಜೇಬಿನಲ್ಲಿರುತ್ತಿದ್ದವು.

ಇಷ್ಟಕ್ಕೇ ಬಿಟ್ಟಿದ್ದರೆ ಮಾಮಾನ ತರ್ಕ ವಯಸ್ಸಿನೊಂದಿಗೆ ತಣ್ಣಗಾಗುತ್ತಿತ್ತೋ ಏನೋ. ಬಿಡಲಿಲ್ಲ. ಅವರ ಮದುವೆಯಾಯಿತು.

ಅತ್ತೆ ಬೇಮಳಖೇಡದವರು. ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದರು. ಬಂದ ಮೂರನೆಯ ದಿನ ಮನೆಯ ಹಾಲಿನ ಎಮ್ಮೆ ಸತ್ತಿತು. ಅದೇ ವಾರ ನಮ್ಮ ಮುತ್ಯಾ, ಅಂದರೆ ಅವರ ಮಾವ, ನಿಚ್ಚಣಿಕೆಯಿಂದ ಜಾರಿ ಕಾಲು ಮುರಿದುಕೊಂಡರು. ಅದರ ಮುಂದಿನ ವಾರ ಹೊಲದ ಬಾವಿಯ ಮೋಟಾರು ಸುಟ್ಟಿತು. ಸರಿ, ನಮ್ಮ ಆಯಿ, ಅಂದರೆ ಮಾಮಾನ ತಾಯಿ, ಓಣಿಯ ಹೆಂಗಸರ ಮುಂದೆ ತೀರ್ಪು ಕೊಟ್ಟೇಬಿಟ್ಟಳು.

"ಸೊಸಿ ಕಾಲ್ಗುಣ ಬರೋಬರಿ ಇಲ್ಲವಾ."

ಮಾಮಾ ಹೌಹಾರಿದರು. ಅವರಿಗೆ ಆಗ ಇಪ್ಪತ್ತೈದರ ಪ್ರಾಯ, ಡಿಗ್ರಿ ಇನ್ನೂ ಬಿಸಿಯಾಗಿತ್ತು. "ಅವ್ವಾ, ಎಮ್ಮಿ ಲಗ್ನಕ್ಕ ಎಂಟು ದಿನ ಮೊದಲೇ ಮೇವು ಬಿಟ್ಟಿತ್ತು. ಆಕಿ ಬಂದದ್ದು ಆಮ್ಯಾಲ. ಆಮ್ಯಾಲ ಬಂದಾಕಿ ಮೊದಲಿನ ರೋಗಕ್ಕ ಹ್ಯಾಂಗ ಕಾರಣ ಆಗ್ತಾಳ?"

"ಹೌದಪ್ಪಾ," ಅಂದಳು ಆಯಿ, "ಯಾರು ಬರಾಕತ್ತಾರಂತ ಮೂಕ ಪ್ರಾಣಿಗಿ ಮೊದಲೇ ತಿಳೀತದ."

ಕಾರಣ ಮೊದಲು, ಕಾರ್ಯ ಆಮೇಲೆ: ಇದೊಂದನ್ನಾದರೂ ಬಹುಪಾಲು ಪಂಡಿತರು ಒಪ್ಪುತ್ತಾರಂತೆ. ನಮ್ಮ ಆಯಿ ಅಕ್ಕಿ ಆರಿಸುತ್ತ ಆರಿಸುತ್ತ ಅದನ್ನೂ ಕಿತ್ತು ಒಗೆದಳು!

ಆಯಿ ಕೆಟ್ಟವಳಲ್ಲ. ಆ ಮಾತು ಆಡಿದಷ್ಟೇ ಬೇಗ ಮರೆತೂಬಿಟ್ಟಳು. ವರ್ಷ ತುಂಬುವುದರೊಳಗೆ ಸೊಸೆ ಇಲ್ಲದೆ ಅವಳಿಗೆ ತುತ್ತು ಇಳಿಯದಂತಾಗಿತ್ತು. ಆದರೆ ಆಡಿದವಳು ಮರೆತರೇನಾಯಿತು, ಆಡಿಸಿಕೊಂಡವರು ಮರೆಯಬೇಕಲ್ಲ? ಅತ್ತೆ ಮರೆಯಲಿಲ್ಲ. ತನ್ನ ಕಾಲಿನಲ್ಲಿ ಏನೋ ದೋಷವಿದೆ ಎಂದು ಅವರೇ ನಂಬಿಬಿಟ್ಟರು. ಅಂದಿನಿಂದ ಯಾರ ಶುಭಕಾರ್ಯಕ್ಕೂ ಅವರು ಮುಂದಿನ ಬಾಗಿಲಿನಿಂದ ಒಳಗೆ ಹೋದವರಲ್ಲ. ಗೃಹಪ್ರವೇಶವಿರಲಿ, ಬಸುರಿಯ ಕುಬಸದ ಕಾರ್ಯವಿರಲಿ, ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತುಬಿಡುವರು. ಹಿತ್ತಲ ಬಾಗಿಲಲ್ಲಿ ಕಾಲ್ಗುಣದ ಹಾಜರಿ ಹಿಡಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಮಾಮಾ ಮುಂದಿನ ಬಾಗಿಲಿನಿಂದ ಹೋಗಿ ವಾದ ಮಾಡುವರು, ಅತ್ತೆ ಹಿಂದಿನ ಬಾಗಿಲಿನಿಂದ ಹೋಗಿ ರೊಟ್ಟಿ ಮಾಡುವರು. ಜನ ಯಾವುದನ್ನು ಹೊಗಳುತ್ತಿದ್ದರು ಎಂದು ಬೇರೆ ಹೇಳಬೇಕೆ?

ಒಂದೇ ಒಂದು ಸಲ, ಹೆಂಡತಿ ಒಂದು ಶುಭದ ಮನೆಗೆ ಮುಂದಿನ ಬಾಗಿಲಿನಿಂದ ಕಾಲಿಡಬೇಕು. ಮೂವತ್ತೈದು ವರ್ಷ ಮಾಮಾ ಮಾಡಿದ ಹುಚ್ಚಾಟಗಳೆಲ್ಲ ಈ ಒಂದು ಆಸೆಯ ಸುತ್ತಲೇ ತಿರುಗಿದವು.

ಮೊದಲು ಅವರು ಗಾದೆಯ ಮೇಲೆ ದಂಡೆತ್ತಿ ಹೋದರು. "ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ" ಎಂದು ನಾವೆಲ್ಲ ಬಾಯಲ್ಲಿ ಹೇಳಿ ಸುಮ್ಮನಾಗುತ್ತೇವೆ. ಮಾಮಾ ಸುಮ್ಮನಾಗುವವರೇ? ಮುಡಬಿಯ ಹೊಲದ ಹುಣಸೆಮರದ ಕೆಳಗೆ ನೋಟುಬುಕ್ಕು ಹಿಡಿದು ಬೆಳಗಿನಿಂದ ಹೊತ್ತು ಮುಳುಗುವವರೆಗೆ ಕುಳಿತರು. ದಾರಿಯಲ್ಲಿ ಹೋಗುವವರು ಸರ್ವೆ ಕೆಲಸ ಬಂದಿದೆ ಎಂದುಕೊಂಡರು. ಕಾಗೆಗಳು ಲೆಕ್ಕವಿಲ್ಲದಷ್ಟು ಸಲ ಬಂದು ಕೂತವು, ಎದ್ದವು, ಮಾಮಾನ ನೋಟುಬುಕ್ಕಿನ ಮೇಲೂ ತಮ್ಮ ಗುರುತು ಬಿಟ್ಟವು. ಟೊಂಗೆ ಒಂದೂ ಮುರಿಯಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದರು. "ಇಡೀ ದಿನ ನೋಡೀನಿ. ಏನೂ ಮುರಿದಿಲ್ಲ."

"ಮತ್ತ ಗಾದಿ ಯಾಕ ಹುಟ್ಟಿತ್ರಿ?" ಅಂದರು ಅತ್ತೆ.

"ಮುರಿದ ದಿನ ನೋಡಿದಾವ ಗಾದಿ ಮಾಡ್ಯಾನ. ಮುರಿಯದ ದಿನ ನೋಡಿದವರು ಸುಮ್ಮ ಮನಿಗಿ ಹೋಗ್ಯಾರ."

ನನಗಂತೂ ಈ ಮಾತು ಇಂದಿಗೂ ಲಾಖ್ ರೂಪಾಯಿಯ ಮಾತು ಅನ್ನಿಸುತ್ತದೆ. ಅತ್ತೆ ಮಾತ್ರ, "ನಿಮ್ಮ ಅಂಗಿ ಬಿಚ್ಚಿ ಕೊಡ್ರಿ, ಕಾಗಿ ಹೊಲಸು ಮಾಡ್ಯಾದ" ಅಂದರು.

ಡಾಕ್ಟರರೂ ಇವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಒಮ್ಮೆ ಹುಮನಾಬಾದಿಗೆ ಬಂದಾಗ ಹೊಟ್ಟೆ ಕೆಟ್ಟಿತು. ನಾನೇ ಕರೆದುಕೊಂಡು ಹೋದೆ. ಏನು ತಿಂದಿರಿ ಎಂದು ಡಾಕ್ಟರು ಕೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಎಂದರು ಮಾಮಾ. ಹಾಗಾದರೆ ಅದರಿಂದಲೇ ಎಂದು ಡಾಕ್ಟರು ಬರೆಯತೊಡಗಿದರು. ಮಾಮಾ ಅವರ ಪೆನ್ನನ್ನು ಮೆಲ್ಲಗೆ ಹಿಡಿದುಕೊಂಡರು. "ನನ್ನ ಜೋಡಿ ಅಳಿಯಾನೂ ತಿಂದಾನ್ರಿ, ಅವನ ಹೊಟ್ಟಿ ಗುಂಡಕಲ್ಲಿನಂಗ ಅದ. ಬರೇ ಭಜಿ ಹ್ಯಾಂಗ ಕಾರಣ ಆಗ್ತದ್ರಿ ಸಾಹೇಬ್ರ?" ಹೊರಗೆ ಇಪ್ಪತ್ತು ಮಂದಿ ಪಾಳಿ ಕಾಯುತ್ತಿದ್ದರು. ಡಾಕ್ಟರು ಪೆನ್ನು ಬಿಡಿಸಿಕೊಂಡು ಗುಳಿಗೆ ಬರೆದು ಕೊಟ್ಟರು. ಮಾಮಾ ಗುಳಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಒಂದು ದಿನ ಸುಮ್ಮನೆ ಮಲಗಿದರು. ಮರುದಿನ ಹೊಟ್ಟೆ ಸರಿಹೋಯಿತು. "ನೋಡಿದ್ಯಾ? ನುಂಗಿದ್ರ ಪುಕ್ಕಟೆ ಗುಳಿಗಿಗಿ ಹೆಸರು ಬರ್ತಿತ್ತು" ಎಂದು ಹಿಗ್ಗಿದರು. ಅದನ್ನು ತಿಳಿಸಲೆಂದೇ ಮತ್ತೆ ಆ ಡಾಕ್ಟರ ಹತ್ತಿರ ಹೋಗಿ ಪಾಳಿಯಲ್ಲಿ ಕೂತರು. ಕಂಪೌಂಡರು ಅವರನ್ನು ಕೊನೆಯವರೆಗೂ ಕರೆಯಲಿಲ್ಲ, ಬಾಗಿಲು ಹಾಕಿಕೊಂಡು ಹೋದ.

ಕೈಗೆ ಮೊಬೈಲು ಬಂದ ಮೇಲೆ ಕೇಳಬೇಡಿ. ಎಲ್ಲರೂ ಅದರಲ್ಲಿ ಹಾಡು, ಹಾಸ್ಯ, ಅಡುಗೆ ನೋಡಿದರೆ ಮಾಮಾ ದೂರದ ಯಾರೋ ಪ್ರೊಫೆಸರರ ಪಾಠ ನೋಡತೊಡಗಿದರು. ಯಾವುದು ಯಾವುದಕ್ಕೆ ಕಾರಣ ಎಂಬುದನ್ನು ಈಗ ಗುಂಡು ಗೆರೆ ಹಾಕಿ, ಬಾಣ ಎಳೆದು ತೋರಿಸುತ್ತಾರಂತೆ. ಕೊಟ್ಟಿಗೆಯ ತಗಡಿನ ಬಾಗಿಲೇ ಮಾಮಾನ ಕರಿಹಲಗೆಯಾಯಿತು. ಮಳೆಗೊಂದು ಗುಂಡು, ಛತ್ರಿಗೊಂದು ಗುಂಡು, ಕೆಸರಿಗೊಂದು ಗುಂಡು. ಮಳೆಯಿಂದ ಛತ್ರಿಗೆ ಬಾಣ, ಮಳೆಯಿಂದ ಕೆಸರಿಗೆ ಬಾಣ.

"ಛತ್ರಿ ಬಿಚ್ಚಿದ ದಿನಾನೇ ಕೆಸರಾಗ್ತದ, ಖರೆ. ಹಂಗಂತ ಛತ್ರಿ ಕೆಸರ ಮಾಡ್ತದೇನು? ಬರೇ ನೋಡಿದ್ರ ತಿಳಿಯಂಗಿಲ್ಲ ಅಳ್ಯಾ, ನಾವೇ ಕೈ ಹಾಕಿ ನೋಡಬೇಕು. ಬಿಸಲಾಗ ಛತ್ರಿ ಬಿಚ್ಚಬೇಕು, ಕೆಸರಾಗ್ತದೇನು ನೋಡಬೇಕು."

ಬಿಚ್ಚಿದರು ಕೂಡ. ಏಪ್ರಿಲ್ ಬಿಸಿಲಿನಲ್ಲಿ ಛತ್ರಿ ಹಿಡಿದು ಕೋಟೆಯ ರಸ್ತೆಯಲ್ಲಿ ಎರಡು ಸುತ್ತು ಹೋಗಿ ಬಂದರು. ಬಿಸಿಲಿಗೆ ಛತ್ರಿ ಹಿಡಿದವನನ್ನು ನಮ್ಮ ಬೀದರ ಜಿಲ್ಲೆಯಲ್ಲಿ ಯಾರೂ ವಿಜ್ಞಾನಿ ಅನ್ನುವುದಿಲ್ಲವಾದ್ದರಿಂದ ಆ ಪ್ರಯೋಗ ಯಾರ ಗಮನಕ್ಕೂ ಬರಲಿಲ್ಲ. ಆಮೇಲೆ ಅದೇ ಬಾಗಿಲಿನ ಮೇಲೆ ಸೊಸೆಯ ಕಾಲು, ಎಮ್ಮೆ, ನಿಚ್ಚಣಿಕೆ, ಮೋಟಾರು ಎಂದು ನಾಲ್ಕು ಗುಂಡು ಹಾಕಿ, ಎಮ್ಮೆಗೆ ರೋಗದಿಂದ, ನಿಚ್ಚಣಿಕೆಗೆ ಗೆದ್ದಲಿನಿಂದ, ಮೋಟಾರಿಗೆ ವೋಲ್ಟೇಜಿನಿಂದ ಬಾಣ ಎಳೆದರು. ಸೊಸೆಯ ಕಾಲಿನಿಂದ ಯಾವುದಕ್ಕೂ ಬಾಣವಿರಲಿಲ್ಲ. ಆಯಿಯನ್ನೂ ಅತ್ತೆಯನ್ನೂ ಕರೆತಂದು ತೋರಿಸುವಷ್ಟರಲ್ಲಿ ಕೊಟ್ಟಿಗೆಯ ಈಗಿನ ಎಮ್ಮೆ ಬಾಗಿಲಿಗೆ ಕುತ್ತಿಗೆ ತಿಕ್ಕಿ ಎಲ್ಲವನ್ನೂ ಒರೆಸಿಹಾಕಿತ್ತು.

"ನೋಡಪ್ಪಾ, ಎಮ್ಮಿಗೂ ಒಪ್ಪಿಗಿ ಇಲ್ಲ" ಅಂದಳು ಆಯಿ. ಅವಳು ನಗೆಯಾಡಿದ್ದಳು. ಅತ್ತೆ ನಗಲಿಲ್ಲ.

ಕೊನೆಯ ಅಸ್ತ್ರ ಶೇರ್ ಆಟೋ. ಮುಡಬಿಗೆ ಹೋಗುವಾಗಲೆಲ್ಲ ಮಾಮಾ ನಾಣ್ಯ ಚಿಮ್ಮುವರು. ಚಿತ್ ಬಿದ್ದರೆ ಅತ್ತೆ ಆಟೋಗೆ ಎಲ್ಲರಿಗಿಂತ ಮೊದಲು ಹತ್ತಬೇಕು, ಪಟ್ ಬಿದ್ದರೆ ಎಲ್ಲರಿಗಿಂತ ಕೊನೆಗೆ. ಯಾವ ದಿನ ಆಟೋ ಕೆಡುತ್ತದೆ ಎಂದು ಬರೆದಿಡುವುದು. ನಾಣ್ಯ ಯಾಕೆ ಎಂದರೆ, ನಮ್ಮ ಮನಸ್ಸಿನ ಕೈವಾಡ ಇರಬಾರದಂತೆ! ಇಡೀ ಮಳೆಗಾಲ ಈ ಪ್ರಯೋಗ ನಡೆಯಿತು. ಅತ್ತೆ ಮೊದಲು ಹತ್ತಿದಾಗಲೂ ಆಟೋ ಓಡಿತು, ಕೊನೆಗೆ ಹತ್ತಿದಾಗಲೂ ಓಡಿತು. ನೋಟುಬುಕ್ಕು ತುಂಬಿತು. ಮಾಮಾನ ಮೀಸೆ ಮೇಲೇರಿತು. ಅಷ್ಟರಲ್ಲಿ ಒಂದು ದಿನ ಚಿತ್ ಬಿತ್ತು, ಅತ್ತೆ ಮೊದಲು ಹತ್ತಿದರು, ಅರ್ಧ ದಾರಿಯಲ್ಲಿ ಟೈರು ಪಂಕ್ಚರಾಯಿತು.

ಅಂದು ನಾನೂ ಜೊತೆಗಿದ್ದೆ. ಮಾಮಾ ಆಟೋದಿಂದ ಧುಮುಕಿ, ಡ್ರೈವರನಿಗಿಂತ ಮೊದಲು ನೆಲಕ್ಕೆ ಅಂಗಾತ ಬಿದ್ದು, ಟೈರನ್ನು ಬೆರಳಾಡಿಸಿ ಹುಡುಕಿ, ಎರಡು ಇಂಚಿನ ಮೊಳೆ ಕಿತ್ತು ಎಲ್ಲರಿಗೂ ತೋರಿಸಿದರು. "ಇದು ನೋಡ್ರಿ ಕಾರಣ. ತುಕ್ಕು ಹಿಡಿದ ಮೊಳಿ. ಇದಕ್ಕ ಯಾರು ಮೊದಲ ಹತ್ತಿದ್ರು ಅಂತ ಗೊತ್ತದೇನು?"

ಪ್ರಯಾಣಿಕರೆಲ್ಲ ಒಪ್ಪಿ ತಲೆಯಾಡಿಸಿದರು. ಅತ್ತೆ ರಸ್ತೆಯ ಬದಿಯಲ್ಲಿ ನಿಂತಿದ್ದರು. ಬಹಳ ಮೆಲ್ಲಗೆ ಹೇಳಿದರು.

"ಮೊಳಿ ಅದ, ಖರೆ. ಆದ್ರ ದಿನಾ ಬೀಳದ ಮೊಳಿ ನಾ ಹತ್ತಿದ ದಿನಾನೇ ಬಿತ್ತು ನೋಡ್ರಿ. ಸಾಕಿನ್ನು. ನನ್ನ ಪರೀಕ್ಷಾ ಮಾಡಬ್ಯಾಡ್ರಿ."

ಮಾಮಾನ ಕೈಯಲ್ಲಿ ಮೊಳೆ ಹಾಗೆಯೇ ಉಳಿಯಿತು. ಮುಡಬಿ ಮುಟ್ಟಿದ ಮೇಲೆ ನೋಟುಬುಕ್ಕು ಮುಚ್ಚಿ ಚೀಲದ ತಳಕ್ಕೆ ತುರುಕಿದರು. 

ಆಮೇಲೆ ನಾನು ಹುಮನಾಬಾದಿನಲ್ಲಿ ಮನೆ ಕಟ್ಟಿಸಿದೆ. ಇಪ್ಪತ್ತು-ಮೂವತ್ತರ ಸೈಟು. ಮೂರೂ ಕಡೆ ಪಕ್ಕದವರ ಗೋಡೆ. ಅಂಥ ಸೈಟಿನಲ್ಲಿ ಹಿತ್ತಲೆಲ್ಲಿಂದ ಬರಬೇಕು, ಹಿತ್ತಲ ಬಾಗಿಲೆಲ್ಲಿಂದ ಬರಬೇಕು? ಮನೆಗೆ ಇರುವುದು ಒಂದೇ ಬಾಗಿಲು. ಇಂಜಿನಿಯರಿಗೆ ಹೊಳೆಯದಿದ್ದರೆ ಪರವಾಗಿಲ್ಲ, ನನಗಾದರೂ ಹೊಳೆಯಬೇಕಿತ್ತು. ಹೊಳೆದದ್ದು ಗೃಹಪ್ರವೇಶದ ದಿನ, ಅತ್ತೆ ಮನೆಯ ಸುತ್ತ ಒಂದು ದಾರಿ ಹುಡುಕಿ, ಸಿಗದೆ, ಗೇಟಿನ ಹೊರಗೆ ಬೇವಿನ ನೆರಳಲ್ಲಿ ತಾವು ತಂದ ಬುಟ್ಟಿ ಇಟ್ಟುಕೊಂಡು ನಿಂತಾಗ.

ನನ್ನ ಹೆಂಡತಿ ಹೋಗಿ ಕರೆದಳು. ಅವ್ವ ಹೋಗಿ ಕರೆದಳು. "ನಾ ಇಲ್ಲೇ ಆರಾಮ ಅದೀನಿ, ಪೂಜಾ ಮುಗೀಲಿ" ಅಂದರು. ಪೂಜೆ ಮುಗಿಯಿತು, ಹಾಲು ಉಕ್ಕಿಸಿದ್ದಾಯಿತು, ಪಂಕ್ತಿ ಕೂರುವ ಹೊತ್ತಾಯಿತು. "ಪಾವಣ್ಯಾರು ಉಣ್ಣಲಿ" ಎಂದು ಅತಿಥಿಗಳ ನೆವ ಹೇಳಿದರು. ಮಾಮಾ ಮಾತ್ರ ಕರೆಯಲು ಹೋಗಲಿಲ್ಲ. ಆಟೋದ ದಿನದಿಂದ ಅವರು ಆ ವಿಷಯ ಎತ್ತಿದವರಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿಗೆ ಹೋಯಿತು. ಮೇ ತಿಂಗಳು, ಹೊಸ ಆರ್‌ಸಿಸಿ ಮನೆ, ಒಳಗೆ ಐವತ್ತು ಮಂದಿ. ಜನ ಪತ್ರಾವಳಿಯಲ್ಲೇ ಗಾಳಿ ಹಾಕಿಕೊಳ್ಳತೊಡಗಿದರು. ಮಾಮಾ ಎದ್ದು, ಕರೆಂಟು ಜೋರಾಗಿ ಬಂದರೆ ಹೊಸ ಫ್ಯಾನು ಸುಟ್ಟಾವು ಎಂದು ಹೇಳಿ, ಬಾಗಿಲ ಪಕ್ಕದ ಹೊರಗೋಡೆಯಲ್ಲಿದ್ದ ಮೀಟರ್ ಬೋರ್ಡಿನ ಮೇನ್ ಸ್ವಿಚ್ ಆರಿಸಿ ಅಲ್ಲೇ ನಿಂತರು. ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದ ಆಯಿಗೆ ಈಗ ತೊಂಬತ್ತರ ಹತ್ತಿರ. ಸೆಕೆಗೆ ಅವಳ ಜೀವ ಚಡಪಡಿಸಿತು. ನನ್ನ ಹೆಂಡತಿ ನೀರು ಕೊಟ್ಟಳು, ಬೇಡವೆಂದಳು. ಅವ್ವ ಬೀಸಣಿಗೆ ಬೀಸಿದಳು, ಬೇಡವೆಂದಳು.

"ನಮ್ಮ ಸೊಸಿ ಎಲ್ಲಿ? ನಮ್ಮ ಸೊಸೀನ ಕರೀರಿ" ಎಂದು ಹಠ ಹಿಡಿದಳು.

ಆ ದನಿ ಹೊರಗೆ ಕೇಳಿತು. ಅತ್ತೆ ಬುಟ್ಟಿಯಿಂದ ನೀರಿನ ತಂಬಿಗೆ ತೆಗೆದುಕೊಂಡು ಓಡಿ ಬಂದರು. ಬಂದು ಹೊಸ್ತಿಲ ಹತ್ತಿರ ಗಕ್ಕನೆ ನಿಂತರು.

ಇದೇ ಹೊತ್ತಿಗೆ ಪಕ್ಕದ ಮನೆಯ ಟಿವಿ ಮಾತಾಡತೊಡಗಿತ್ತು. ಓಣಿಗೆ ಕರೆಂಟು ಬಂದಿದೆ, ಮೇನ್ ಹಾಕಿ ಎಂದು ಮಾಮಾನಿಗೆ ಹೇಳಲು ನಾನು ಹೊರಗೆ ಬಂದೆ. ಹೇಳುವ ಅಗತ್ಯವಿರಲಿಲ್ಲ. ಮೀಟರಿನ ಪುಟ್ಟ ಕೆಂಪು ದೀಪ ಅವರ ಮೂಗಿನ ಮುಂದೆಯೇ ಉರಿಯುತ್ತಿತ್ತು. ಮಾಮಾ ಅದನ್ನು ನೋಡುತ್ತಿರಲಿಲ್ಲ. ಬೆರಳು ಸ್ವಿಚ್ಚಿನ ಮೇಲಿಟ್ಟುಕೊಂಡು ಅತ್ತೆಯ ಪಾದಗಳನ್ನೇ ನೋಡುತ್ತಿದ್ದರು.

ಒಳಗಿಂದ ಆಯಿ ಮತ್ತೊಮ್ಮೆ ಕರೆದಳು. ಅತ್ತೆ ಕಣ್ಣು ಮುಚ್ಚಿ ಬಲಗಾಲು ಎತ್ತಿ ಹೊಸ್ತಿಲು ದಾಟಿದರು. ಪಾದ ನೆಲಕ್ಕೆ ಮುಟ್ಟಿತು, ಮಾಮಾನ ಬೆರಳು ಒತ್ತಿತು. ಇಡೀ ಮನೆಯ ದೀಪಗಳು ಹೊತ್ತಿದವು, ನಾಲ್ಕೂ ಫ್ಯಾನುಗಳು ಗಿರ್ರನೆ ತಿರುಗಿದವು.

"ಯವ್ವಾ, ಎಂಥಾ ಕಾಲ್ಗುಣ ನಮ್ಮ ಸೊಸೀದು" ಅಂದಳು ಆಯಿ, ಗಾಳಿಗೆ ಮುಖವೊಡ್ಡಿ.

ಹೆಂಗಸರೆಲ್ಲ ಹೌದು ಹೌದೆಂದರು. ಅತ್ತೆಯನ್ನು ನಡುವೆ ಕೂರಿಸಿ ಉಡಿಯಕ್ಕಿ ಹಾಕಿದರು. ಹಿಂದಿನ ಓಣಿಯಲ್ಲಿ ಮನೆ ಕಟ್ಟಿಸುತ್ತಿದ್ದ ಹೆಂಗಸೊಬ್ಬಳು ಅತ್ತೆಯ ಕೈ ಹಿಡಿದುಕೊಂಡು, "ಮುಂದಿನ ತಿಂಗಳ ನಮ್ಮ ಮನಿ ಶಾಂತಿ ಅದ್ರಿ. ನೀವೇ ಬರಬೇಕು, ಮೊದಲ ನೀವೇ ಕಾಲಿಡಬೇಕು" ಅಂದಳು. ಅತ್ತೆ ತನ್ನ ಪಾದಗಳನ್ನು ತಾನೇ ನೋಡಿಕೊಂಡರು, ಬೇರೆ ಯಾರದ್ದೋ ಪಾದ ಅನ್ನುವ ಹಾಗೆ.

ನಾನು ಮಾಮಾನ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. "ಮಾಮಾ, ಇದು ಖೋಟಾ ಪ್ರಯೋಗ ಆತಲ್ರಿ?"

"ಹೂಂ. ಪಕ್ಕಾ ಖೋಟಾ."

"ಇವತ್ತಿಂದು ಆಕಿ ಕಾಲ್ಗುಣ ಅಂತ ಒಪ್ಪಿದ್ರ, ಅವತ್ತಿನ ಎಮ್ಮೀದೂ ಒಪ್ಪಿದಂಗ ಆಗ್ತದ. ಮೂವತ್ತೈದು ವರ್ಷದ ನಿಮ್ಮ ವಾದ ಎಲ್ಲಾ ಹೊಳ್ಯಾಗ ಹೋತಲ್ರಿ?"

ಮಾಮಾ ಕಿಟಕಿಯಿಂದ ಒಳಗೆ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಹೋಗ್ಲಿ ಬಿಡು" ಅಂದರು. "ಸುಮ್ಮ ನಿಂದ್ರು ಅಳ್ಯಾ. ಆಕಿ ನಗಾಕತ್ತಾಳ."